ಓದಿದ್ದು ದುಡಿಮೆ ಅಲ್ವಾ?

ಸಹ ಪ್ರಾಧ್ಯಾಪಕರಾಗಲು 8 ವರ್ಷದ ಬೋಧನೆ ಇಲ್ಲವೇ ಸಂಶೋಧನೆಯ ಅನುಭವ ಬೇಕು, ಪಿಎಚ್.ಡಿ.ಗೆ ಕಳೆದ ಕಾಲ ಆ ಲೆಕ್ಕಕ್ಕಿಲ್ಲ ಎಂದು ಯುಜಿಸಿ 2018ರಲ್ಲಿ ನಿಯಮ ಬರೆಯಿತು. ಮೊದಲೇ ಮೇಷ್ಟ್ರ ಕೆಲಸ ಹಿಡಿದವನು ರಜೆ ಹಾಕದೆ ಪಿಎಚ್.ಡಿ. ಮಾಡಿದರೆ ಮಾತ್ರ ಆ ವರ್ಷಗಳು ಲೆಕ್ಕಕ್ಕುಂಟು!

ಉಳ್ಳವನಿಗೆ ಎರಡೂ ದಕ್ಕಿತು. ಫೆಲೋಶಿಪ್ ನಂಬಿ, ಹಾಸ್ಟೆಲಿನಲ್ಲಿ ಕೂತು ಬರೆದ ನಮ್ಮ ಕೇರಿಯ ಮಕ್ಕಳ ವರ್ಷಗಳು ಎಲ್ಲಿ ಹೋದವು?

ಅವರು ಹುದ್ದೆಯಲ್ಲಿರಲಿಲ್ಲವಲ್ಲ ಅಂತಾರೆ. ಹುದ್ದೆ ಕೊಟ್ಟಿದ್ದರೆ ತಾನೇ ಇರೋದು? ಓದೋದೇ ಪಾಠ ಮಾಡೋದಲ್ಲ, ಒಪ್ಪುತ್ತೇವೆ. ಆದರೆ ಪಿಎಚ್.ಡಿ. ಸಂಶೋಧನೆಯಲ್ಲದೆ ಮತ್ತೇನು? ಅದರ ಕನಿಷ್ಠ ಅವಧಿ 3 ವರ್ಷ. ಅಷ್ಟನ್ನಾದರೂ ಎಣಿಸಲಿ.

ನಮ್ಮಪ್ಪಂದಿರ ಬಿಟ್ಟಿ ಚಾಕರಿ ಯಾವ ಪುಸ್ತಕದಲ್ಲೂ ಜಮಾ ಆಗಲಿಲ್ಲ. ನಮ್ಮ ಅಕ್ಷರದ ದುಡಿಮೆಯೂ ಬಿಟ್ಟಿ ಆಗಬಾರದು.