ದಂಡದ ಮೊತ್ತದಲ್ಲೇ ಸುತ್ತುವ ಚರ್ಚೆ. ಹೆದ್ದಾರಿ ಹೇಳುವ ಲೆಕ್ಕವೇ ಬೇರೆ

ಬೆಂಗಳೂರು: ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡಕ್ಕೆ ಶೇ. 50ರ ರಿಯಾಯಿತಿ ಘೋಷಿಸುವುದು ರಾಜ್ಯದಲ್ಲಿ ಹಬ್ಬದ ಜವಳಿ ಮಾರಾಟದಂತೆ ಮರಳಿ ಮರಳಿ ಬರುವ ಸಂಗತಿಯಾಗಿಬಿಟ್ಟಿದೆ. 2023ರ ಫೆಬ್ರವರಿಯಲ್ಲಿ, ವಿಧಾನಸಭಾ ಚುನಾವಣೆಗೆ ಮೂರು ತಿಂಗಳಿರುವಾಗ, ಅಂದಿನ ಬಿಜೆಪಿ ಸರಕಾರ ಈ ಸವಲತ್ತು ನೀಡಿತು. ಬೆಂಗಳೂರು ನಗರವೊಂದರಲ್ಲೇ ಸುಮಾರು 120 ಕೋಟಿ ರೂ. ಬೊಕ್ಕಸಕ್ಕೆ ಬಂತು. ಅಧಿಕಾರ ಬದಲಾಯಿತು, ರಿಯಾಯಿತಿ ಬದಲಾಗಲಿಲ್ಲ. ಕಾಂಗ್ರೆಸ್ ಸರಕಾರ ಅದೇ ವರ್ಷ ಅದನ್ನು ಮತ್ತೆ ನೀಡಿತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಮ್ಮೆ ನೀಡಿತು. ಆಗಲೂ ರಾಜಧಾನಿಯಲ್ಲಿ 100 ಕೋಟಿ ರೂ.ಗೂ ಹೆಚ್ಚು ಸಂಗ್ರಹವಾಯಿತು.

ಪ್ರತಿ ಸಲವೂ ವಸೂಲಾದ ಕೋಟಿಗಳ ಲೆಕ್ಕ ದಿನದಿನವೂ ಪ್ರಕಟವಾಯಿತು. ದಂಡವು ಆದಾಯದ ಬಾಬತ್ತೋ, ಪ್ರಾಣರಕ್ಷಣೆಯ ಸಾಧನವೋ ಎಂಬ ಪ್ರಶ್ನೆಯನ್ನು ಮಾತ್ರ ಆಡಳಿತ ಪಕ್ಷವಾಗಲಿ ಪ್ರತಿಪಕ್ಷವಾಗಲಿ ಗಟ್ಟಿಯಾಗಿ ಕೇಳಿಕೊಂಡಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2023ರಲ್ಲಿ ಕರ್ನಾಟಕದ ರಸ್ತೆಗಳಲ್ಲಿ ಸತ್ತವರು 12,321 ಮಂದಿ. ದಿನಕ್ಕೆ ಸರಾಸರಿ 34 ಹೆಣ. ಇಷ್ಟು ಜನ ಯಾವುದಾದರೂ ರೋಗಕ್ಕೆ ಬಲಿಯಾಗಿದ್ದರೆ ವಿಧಾನಸಭೆಯ ಕಲಾಪ ಸುಗಮವಾಗಿ ನಡೆಯುತ್ತಿತ್ತೇ?

ಗುಜರಾತ್ ಮಾದರಿಯ ದಂಡ

ಈ ಚರ್ಚೆಯ ಬೇರು 2019ರಲ್ಲಿದೆ. ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಹೊಸ ದಂಡ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. ಹೆಲ್ಮೆಟ್ ಇಲ್ಲದ ಸವಾರನ ದಂಡ 100 ರೂ.ನಿಂದ 1,000 ರೂ.ಗೆ, ಪರವಾನಗಿ ಇಲ್ಲದೆ ವಾಹನ ಓಡಿಸಿದವನ ದಂಡ 500 ರೂ.ನಿಂದ 5,000 ರೂ.ಗೆ ಏರಿತು. ಸ್ಕೂಟರಿನ ಬೆಲೆಗಿಂತ ದಂಡವೇ ಹೆಚ್ಚೆಂಬ ಸುದ್ದಿಗಳು ದೇಶದ ಎಲ್ಲೆಡೆಯಿಂದ ಬಂದವು. ಹತ್ತೇ ದಿನದಲ್ಲಿ ಗುಜರಾತ್ ದಂಡ ಇಳಿಸಿತು. ಅದನ್ನು ಕಂಡು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಗುಜರಾತ್ ಮಾದರಿಯನ್ನೇ ಅನುಸರಿಸುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಸೆಪ್ಟೆಂಬರ್ ಮುಗಿಯುವ ಮೊದಲೇ ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ದಂಡ ರಾಜ್ಯದಲ್ಲಿ 500 ರೂ.ಗೆ ಇಳಿಯಿತು.

ಗಮನಿಸಬೇಕಾದುದು ಇಳಿಸಿದ್ದನ್ನಲ್ಲ, ಇಳಿಸಲು ಮುಂದಿಟ್ಟ ಕಾರಣವನ್ನು. ಒಂದು ರಾಜ್ಯ ಇಳಿಸಿತು, ಆದ್ದರಿಂದ ನಾವೂ ಇಳಿಸುತ್ತೇವೆ ಎಂಬುದೇ ಅಲ್ಲಿನ ಮುಖ್ಯ ವಾದವಾಗಿತ್ತು. ಹತ್ತು ಪಟ್ಟು ಏರಿಸಿದವರ ವಾದವೂ ಇದಕ್ಕಿಂತ ಬಹಳ ಗಟ್ಟಿಯೇನಲ್ಲ. ದಂಡ ಭಾರಿಯಾದರೆ ಜನ ಹೆದರುತ್ತಾರೆ ಎಂಬ ನಂಬಿಕೆಯ ಮೇಲೆ ಅದು ನಿಂತಿತ್ತು. ಆ ನಂಬಿಕೆಗೆ ಅಂಕಿಗಳು ಎಷ್ಟು ಆಸರೆಯಾಗಿವೆ? ರಾಜ್ಯದಲ್ಲಿ 2018ರಲ್ಲಿ 10,990 ಮಂದಿ, 2019ರಲ್ಲಿ 10,958 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಲಾಕ್‌ಡೌನಿನ 2020ರಲ್ಲಿ ಸಂಖ್ಯೆ 9,760ಕ್ಕೆ ಇಳಿದು, 2022ರಲ್ಲಿ 11,702ಕ್ಕೆ ಏರಿತು. ದಂಡ ಹಳೆಯ ಕಾಯ್ದೆಯದಕ್ಕಿಂತ ಐದು ಪಟ್ಟು ಹೆಚ್ಚಾಗಿದ್ದರೂ ಸಾವು ಕಡಿಮೆಯಾಗಲಿಲ್ಲ. ವಾಹನಗಳ ಸಂಖ್ಯೆಯೂ ಏರಿದೆ ಎಂಬ ಸಮಜಾಯಿಷಿ ನಿಜವೇ. ಆದರೂ 1,000 ರೂ. ಸರಿಯೋ 500 ರೂ. ಸರಿಯೋ ಎಂದು ವಾರಗಟ್ಟಲೆ ನಡೆದ ಕಾದಾಟದ ಫಲ ಈ ಸಾಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಕಾರಣ ಸರಳ. ನೂರು ಸಲ ತಪ್ಪು ಮಾಡಿದವನು ಒಮ್ಮೆ ಸಿಕ್ಕಿಬೀಳುತ್ತಾನೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 1,000 ರೂ. ದಂಡವಿದ್ದರೆ ಪ್ರತಿ ತಪ್ಪಿಗೆ ಅವನು ತೆರುವ ಬೆಲೆ 10 ರೂ. ದಂಡ 500 ರೂ. ಆದರೆ 5 ರೂ. ರಿಯಾಯಿತಿಗೆ ಕಾದರೆ ಎರಡೂವರೆ ರೂ. ಸಿಕ್ಕಿಬೀಳುವ ಸಂಭವ ನೂರಕ್ಕೆ ಐವತ್ತಾದರೆ 100 ರೂ. ದಂಡವೂ ಇವೆಲ್ಲಕ್ಕಿಂತ ಭಾರ. ಶಿಕ್ಷೆಯ ಉಗ್ರತೆಗಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆ ಎಂದು ಅಪರಾಧಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತ ಬಂದಿರುವುದು ಇದನ್ನೇ.

ವಿಪರ್ಯಾಸವೆಂದರೆ ಈ ಖಚಿತತೆಗೆ ಬೇಕಾದ ಏರ್ಪಾಡು ಅದೇ 2019ರ ತಿದ್ದುಪಡಿಯಲ್ಲಿತ್ತು. ಹೆದ್ದಾರಿಗಳಲ್ಲೂ ನಗರಗಳಲ್ಲೂ ವಿದ್ಯುನ್ಮಾನ ಸಾಧನಗಳಿಂದ ನಿಗಾ ಇಡಬೇಕೆನ್ನುವ 136ಎ ಕಲಮು, ಕಳಪೆ ರಸ್ತೆ ನಿರ್ಮಿಸಿ ಸಾವಿಗೆ ಕಾರಣರಾದ ಗುತ್ತಿಗೆದಾರರು ಹಾಗೂ ಅಧಿಕಾರಿಗಳಿಗೆ 1 ಲಕ್ಷ ರೂ.ವರೆಗೆ ದಂಡ ವಿಧಿಸುವ 198ಎ ಕಲಮು ಎರಡೂ ಆಗಲೇ ಕಾಯ್ದೆಗೆ ಸೇರಿದವು. ಬೀದಿಯಲ್ಲಿ, ಸದನದಲ್ಲಿ, ಟಿ.ವಿ. ಪರದೆಯಲ್ಲಿ ಚರ್ಚೆಯಾದದ್ದು ಸವಾರನ ಜೇಬಿನ ಬಗ್ಗೆ. ಗುತ್ತಿಗೆದಾರನ ಜೇಬಿನ ಬಗ್ಗೆ ಯಾರೂ ಅಷ್ಟು ಮರುಗಲಿಲ್ಲ, ಗುಡುಗಲೂ ಇಲ್ಲ.

118 ಕಿ.ಮೀ. ಪ್ರಯೋಗಶಾಲೆ

ಹಾಗಾದರೆ ರಾಜ್ಯದಲ್ಲಿ ಸಾಕ್ಷ್ಯವೆನ್ನಬಹುದಾದದ್ದು ಏನಾದರೂ ಇದೆಯೇ? ಇದೆ. ಅದು ಬೆಂಗಳೂರು-ಮೈಸೂರು ನಡುವಣ 118 ಕಿ.ಮೀ. ಹೆದ್ದಾರಿಯಲ್ಲಿದೆ. ಪ್ರಧಾನಿ ನರೇಂದ್ರ ಮೋದಿ ಅವರು 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಇದನ್ನು ಉದ್ಘಾಟಿಸಿದಾಗ ಕೀರ್ತಿ ಯಾರಿಗೆ ಸಲ್ಲಬೇಕೆಂದು ಪಕ್ಷಗಳು ಕಚ್ಚಾಡಿದವು. ಬಳಿಕ ಟೋಲ್ ದರದ ಬಗ್ಗೆ ಕಚ್ಚಾಡಿದವು. ಅಷ್ಟರಲ್ಲಿ ರಸ್ತೆಯ ಮೇಲೆ ಹೆಣಗಳು ಉರುಳತೊಡಗಿದ್ದವು. ಪೊಲೀಸರು ನೀಡಿದ ಲೆಕ್ಕದಂತೆ ಆ ವರ್ಷದ ಮೇ ತಿಂಗಳಲ್ಲಿ 29 ಮಂದಿ, ಜೂನ್‌ನಲ್ಲಿ 28 ಮಂದಿ ಅಲ್ಲಿ ಸತ್ತರು.

ಜುಲೈ ಮೊದಲ ವಾರದಲ್ಲಿ ಪೊಲೀಸರು ರಾಡಾರ್ ಗನ್ ಹಿಡಿದು ಹೆದ್ದಾರಿಗೆ ಇಳಿದರು. ಗಂಟೆಗೆ 100 ಕಿ.ಮೀ. ಮಿತಿ ಮೀರಿದ ವಾಹನಗಳನ್ನು ಹಿಡಿದು ದಂಡ ಹಾಕಲಾರಂಭಿಸಿದರು. ದಂಡದ ಮೊತ್ತವೇನೂ ಏರಿರಲಿಲ್ಲ. ಜುಲೈ ತಿಂಗಳ ಸಾವು 8ಕ್ಕೆ ಇಳಿಯಿತು. ಅತಿ ಕೆಟ್ಟ ತಿಂಗಳುಗಳ ಬೆನ್ನಿಗೆ ಸಂಖ್ಯೆ ತುಸು ಇಳಿಯುವುದು ಸಹಜ. ಒಂದು ತಿಂಗಳ ಅಂಕಿಯನ್ನು ಹಿಡಿದು ಕುಣಿಯುವುದು ತರವಲ್ಲ. ಆದರೆ ಮುಂದಿನ ವರ್ಷದ ಲೆಕ್ಕ ಈ ಅನುಮಾನವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. 2023ರಲ್ಲಿ ಈ ಹೆದ್ದಾರಿಯಲ್ಲಿ 188 ಮಂದಿ ಸತ್ತಿದ್ದರೆ 2024ರಲ್ಲಿ ಸತ್ತವರು 50. ಮೇ ಮತ್ತು ಜೂನ್ ಎರಡೇ ತಿಂಗಳಲ್ಲಿ ಹೋದ 57 ಜೀವಗಳಿಗಿಂತ ಇಡೀ ವರ್ಷದ ಸಾವು ಕಡಿಮೆ. ಈ ನಡುವೆ ವೇಗವನ್ನು ದಾಖಲಿಸುವ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಕಿ.ಮೀ. ವೇಗ ದಾಟಿದವರ ಮೇಲೆ ಮೊಕದ್ದಮೆ ಹೂಡಲು ಪೊಲೀಸರು ಮುಂದಾದರು.

ಇದು ಲೋಕಕ್ಕೆ ಹೊಸ ಸಂಗತಿಯಲ್ಲ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದೇ ಸೂತ್ರವನ್ನು ತಿರುಗಿಸಿದರೆ ವೇಗದ ಸಣ್ಣ ಇಳಿಕೆಯಿಂದಲೂ ದೊಡ್ಡ ಲಾಭವಿದೆ.

ಕೀರ್ತಿ ಯಾವ ಕ್ರಮಕ್ಕೆ?

ಇಲ್ಲಿಂದ ಮುಂದಿನದು ತುಸು ಸೂಕ್ಷ್ಮ. 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೋ ಹಾಗೂ ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಜನ ಇದನ್ನು ಪ್ರತಿಭಟಿಸಿದರು. ನಮ್ಮ ಹೊಲ ಸೀಳಿ ಹೋದ ರಸ್ತೆಯಲ್ಲಿ ನಮಗೇ ಜಾಗವಿಲ್ಲವೇ ಎಂಬ ಅವರ ಪ್ರಶ್ನೆಯಲ್ಲಿ ನೋವಿತ್ತು. ಇಂದಿಗೂ ಸಾವು ಇಳಿದುದರ ಪ್ರಸ್ತಾಪ ಬಂದಾಗಲೆಲ್ಲ ನಿಷೇಧದ ಹೆಸರೇ ಮೊದಲು ಕೇಳಿಬರುತ್ತದೆ. ತಾರೀಕುಗಳನ್ನು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. 28ರಿಂದ 8ಕ್ಕೆ ಇಳಿದದ್ದು ಜುಲೈನಲ್ಲಿ. ನಿಷೇಧ ಬಂದದ್ದು ಆಗಸ್ಟ್‌ನಲ್ಲಿ. ಬಡವನ ಬೈಕನ್ನು ಹೊರಗಟ್ಟುವ ಮೊದಲೇ ಉಳ್ಳವನ ಕಾರಿನ ವೇಗ ತಗ್ಗಿಸಿದ್ದರ ಫಲ ಕಾಣಿಸಿತ್ತು.

ಇದರರ್ಥ ನಿಷೇಧ ನಿರುಪಯುಕ್ತ ಎಂದಲ್ಲ. 100 ಕಿ.ಮೀ. ವೇಗದ ಕಾರುಗಳ ನಡುವೆ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕ್ ಸಾಗುವುದು ಅಪಾಯವೆಂಬುದರಲ್ಲಿ ಎರಡು ಮಾತಿಲ್ಲ. ಒಂದು ಕ್ರಮದ ಫಲವನ್ನು ಅಳೆದು ಮುಗಿಯುವ ಮೊದಲೇ ಇನ್ನೊಂದನ್ನು ಹೇರಿದರೆ ಯಾವುದರಿಂದ ಎಷ್ಟು ಜೀವ ಉಳಿಯಿತೆಂದು ಹೇಳಲಾಗುವುದಿಲ್ಲ, ಅಷ್ಟೇ. ಮುಖ್ಯ ಪಥದಿಂದ ಹೊರಬಿದ್ದ ಸವಾರರು ಸರ್ವಿಸ್ ರಸ್ತೆಯಲ್ಲಿ ಓಡಾಡುತ್ತಿದ್ದಾರೆ. ಆ ರಸ್ತೆಯ ಸಾವುನೋವಿನ ಅಂಕಿಯನ್ನು ಪ್ರತ್ಯೇಕವಾಗಿ, ನಿಷೇಧಕ್ಕೆ ಮುಂಚಿನದು ಮತ್ತು ನಂತರದ್ದು ಎಂದು ವಿಂಗಡಿಸಿ ಸರಕಾರ ಸದನದ ಮುಂದಿಡಬೇಕು. ಆಗ ಮಾತ್ರ ನಿಷೇಧವನ್ನು ಬೇರೆ ಹೆದ್ದಾರಿಗಳಿಗೆ ವಿಸ್ತರಿಸಬೇಕೆನ್ನುವವರ ವಾದಕ್ಕೂ, ಬೇಡವೆನ್ನುವವರ ವಾದಕ್ಕೂ ತೂಕ ಬರುತ್ತದೆ.

ಅಂಕಿಯೇ ಕೈಕೊಟ್ಟಾಗ

ಅಂಕಿ ಅಂಶವೆಂದರೆ ಕಣ್ಣು ಮುಚ್ಚಿ ನಂಬಬೇಕಾದದ್ದೂ ಅಲ್ಲ. ನೆರೆಯ ತಮಿಳುನಾಡಿನ ಉದಾಹರಣೆ ನೋಡಿ. ಅಲ್ಲಿ 2016ರಲ್ಲಿ 17,218 ಇದ್ದ ಸಾವಿನ ಸಂಖ್ಯೆ 2018ರಲ್ಲಿ 12,216ಕ್ಕೆ ಇಳಿಯಿತೆಂದು ವರದಿಯಾಯಿತು. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಇತರ ರಾಜ್ಯಗಳಿಗೆ ಅದನ್ನು ಮಾದರಿಯೆಂದು ತೋರಿಸಿದರು. ಕೆಲ ವರ್ಷಗಳ ನಂತರದ ವರದಿಗಳಲ್ಲಿ ಅದೇ 2018ರ ಸಂಖ್ಯೆ ಪರಿಷ್ಕೃತಗೊಂಡು 18 ಸಾವಿರ ದಾಟಿತು. ದೇಶದ ಒಟ್ಟು ಲೆಕ್ಕವೂ 1,51,417ರಿಂದ 1,57,593ಕ್ಕೆ ಏರಿತು. ಮಾದರಿಯ ಬಹುಪಾಲು ಕಾಗದದ ಮೇಲಿನ ಇಳಿಕೆಯಾಗಿತ್ತು. ಹೊಗಳಿಕೆಗೆ ಸಿಕ್ಕ ಪ್ರಚಾರ ಈ ಪರಿಷ್ಕರಣೆಗೆ ಸಿಗಲಿಲ್ಲ.

ಇನ್ನೊಂದು ತೊಡಕು ಠಾಣೆಯಲ್ಲೇ ಹುಟ್ಟುತ್ತದೆ. ಸಚಿವಾಲಯದ 2022ರ ವರದಿ ದೇಶದ ರಸ್ತೆ ಸಾವುಗಳಲ್ಲಿ ಶೇ. 71ಕ್ಕೆ ಅತಿವೇಗವೇ ಕಾರಣವೆನ್ನುತ್ತದೆ. ಪ್ರಥಮ ವರ್ತಮಾನ ವರದಿಗಳನ್ನು ಓದಿದವರಿಗೆ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಸಿದ್ಧ ವಾಕ್ಯದ ಪರಿಚಯವಿದ್ದೇ ಇರುತ್ತದೆ. ತಿರುವಿನಲ್ಲಿ ಫಲಕವಿರಲಿಲ್ಲ, ದೀಪವಿರಲಿಲ್ಲ, ಗುಂಡಿಯಿತ್ತು ಎಂಬುದು ಆ ವಾಕ್ಯದೊಳಗೆ ಮುಳುಗಿಹೋಗುತ್ತದೆ. ತಪ್ಪೆಲ್ಲ ಚಾಲಕನದಾದರೆ ಲೋಕೋಪಯೋಗಿ ಇಲಾಖೆಗೂ ಹೆದ್ದಾರಿ ಪ್ರಾಧಿಕಾರಕ್ಕೂ ನೆಮ್ಮದಿ. ಮೈಸೂರು ಹೆದ್ದಾರಿಯ ಲೆಕ್ಕಕ್ಕೆ ಹೆಚ್ಚು ಬೆಲೆ ಕೊಡಬೇಕಾದುದು ಈ ಕಾರಣಕ್ಕೇ: ಅಲ್ಲಿ ವೇಗ ಊಹೆಯ ಮಾತಾಗಿರಲಿಲ್ಲ, ಯಂತ್ರ ಅಳೆದದ್ದಾಗಿತ್ತು.

ಹೆಲ್ಮೆಟ್ ವಿಷಯದಲ್ಲಂತೂ ಸಾಕ್ಷ್ಯಕ್ಕೆ ಬರವಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ, ಹೆಲ್ಮೆಟ್ಟಿನಿಂದ ಅಪಘಾತದಲ್ಲಿ ಸಾಯುವ ಸಂಭವ ಶೇ. 42ರಷ್ಟು, ತಲೆಗೆ ಗಾಯವಾಗುವ ಸಂಭವ ಶೇ. 69ರಷ್ಟು ತಗ್ಗುತ್ತದೆಂದು ಕಂಡುಕೊಂಡಿತು. ರಾಜ್ಯದಲ್ಲಿ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದಾಗ ಎದ್ದ ಆಕ್ಷೇಪಗಳು ನೆನಪಿರಬಹುದು: ಸೆಖೆ, ಕೂದಲು, ಹೂವು, ಖರ್ಚು. ಇಂದು ಬೆಂಗಳೂರಿನಾಚೆ ಹತ್ತು ಕಿ.ಮೀ. ಹೋದರೆ ಹಿಂಬದಿ ಸವಾರನ ತಲೆ ಬರಿದೇ. ದಂಡ 500 ರೂ. ಇದ್ದೇನು ಬಂತು, ಕೇಳುವವರು ಇಲ್ಲದ ಮೇಲೆ!

ಶಿಕ್ಷೆ ಹಿಗ್ಗಿಸುವ ರಾಜಕೀಯದ ಮಿತಿ 2024ರ ಜನವರಿಯಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಡಿಕ್ಕಿ ಹೊಡೆದು ಪರಾರಿಯಾಗುವ ಚಾಲಕನಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿರುದ್ಧ ಲಾರಿ ಚಾಲಕರು ಮುಷ್ಕರ ಹೂಡಿದರು. ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಬೆಳೆದಂತೆ ಕೇಂದ್ರ ಹಿಂದೆ ಸರಿಯಿತು. ಸಂಹಿತೆ ಆ ವರ್ಷದ ಜುಲೈ 1ರಂದು ಜಾರಿಗೆ ಬಂದಾಗ ಆ ಉಪಕಲಮನ್ನು ಹೊರಗಿಡಲಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗಡ್ಕರಿ ಅವರು ಲೋಕಸಭೆಯಲ್ಲಿ, ಅಪಘಾತಗಳನ್ನು ಅರ್ಧಕ್ಕೆ ಇಳಿಸುವ ಗುರಿ ಈಡೇರಲಿಲ್ಲ, ಬದಲಿಗೆ ಸಂಖ್ಯೆ ಹೆಚ್ಚಿದೆ ಎಂದು ಒಪ್ಪಿಕೊಂಡರು. ರಾಜಕಾರಣದಲ್ಲಿ ಅಪರೂಪದ ಪ್ರಾಮಾಣಿಕತೆಯಿದು.

ರಾಜ್ಯದ ಮಟ್ಟದಲ್ಲಿ ಆಗಬೇಕಾದ ಕೆಲಸಕ್ಕೆ ಹೊಸ ಕಾನೂನು ಬೇಕಿಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸ್, ತುಮಕೂರು ರಸ್ತೆ, ಕರಾವಳಿಯ ಹೆದ್ದಾರಿ 66 ಇವುಗಳಲ್ಲಿ ಯಾವುದಾದರೂ ಒಂದನ್ನು ಆಯ್ದು, ವರ್ಷವಿಡೀ ವೇಗವನ್ನಷ್ಟೇ ನಿಯಂತ್ರಿಸಿ, ಹಿಂದಿನ ಮೂರು ವರ್ಷಗಳ ಸಾವಿನೊಡನೆ ಹೋಲಿಸಿ ಪ್ರಕಟಿಸಲು ಒಂದು ಸುತ್ತೋಲೆ ಸಾಕು. ಇದಕ್ಕೆ ತಗಲುವ ವೆಚ್ಚವೂ ರಿಯಾಯಿತಿ ತಿಂಗಳೊಂದರ ವಸೂಲಿಗಿಂತ ಕಡಿಮೆಯೇ ಇದ್ದೀತು.

ಸದ್ಯಕ್ಕಂತೂ ನಡೆಯುತ್ತಿರುವುದು ತದ್ವಿರುದ್ಧ. ಕ್ಯಾಮೆರಾ ಹಿಡಿದ ಅತಿವೇಗವೂ ಇ-ಚಲನ್ ಪ್ರಕರಣವೇ. ಈ ಬಾಕಿಗೆ ಅರ್ಧ ಮಾಫಿ ಎಂದು ಎರಡೆರಡು ವರ್ಷಕ್ಕೊಮ್ಮೆ ಸಾರಿದರೆ, ಹೊತ್ತಿಗೆ ಸರಿಯಾಗಿ ಪೂರ್ತಿ ದಂಡ ಕಟ್ಟಿದವನು ಪೆದ್ದನೆನಿಸಿಕೊಳ್ಳುತ್ತಾನೆ. ಕಟ್ಟದೆ ಉಳಿದವನು ಮುಂದಿನ ಘೋಷಣೆಯ ದಾರಿ ಕಾಯುತ್ತಾನೆ.