ಬಿಡುವಿನ ಬೆಳೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಕಣ್ಣೆದುರಿಗೇ ಇರುವ ವಸ್ತುವಿನ ಬೆಲೆ ನಮಗೆ ತಿಳಿಯುವುದಿಲ್ಲ ಎಂಬುದು ಇದರ ತಾತ್ಪರ್ಯ. ಮದ್ದಿನ ಮಾತು ಹಾಗಿರಲಿ. ಹಿತ್ತಲ ಗಿಡ ಈಗ ಮಕ್ಕಳಿಗೆ ಆಟವೂ ಅಲ್ಲ, ಪಾಠವೂ ಅಲ್ಲ ಎಂಬಂತಾಗಿದೆ. ರಜೆ ಬಂದೊಡನೆ ಹೊತ್ತು ಕಳೆಯುವುದು ಹೇಗೆಂದು ಮಕ್ಕಳು ಕೇಳುತ್ತಾರೆ. ಹಿರಿಯರು ಅಂಗಡಿಯಿಂದ ಆಟಿಕೆಯನ್ನು ತಂದುಕೊಡುತ್ತಾರೆ. ಇಲ್ಲವೆ ಮೊಬೈಲನ್ನು ಕೈಗಿತ್ತು ಸುಮ್ಮನಾಗುತ್ತಾರೆ. ಮನೆಯ ಹಿಂಬಾಗಿಲನ್ನು ತೆರೆದರೆ ಹನ್ನೆರಡು ತಿಂಗಳಿಗೂ ಸಾಲುವಷ್ಟು ಕೆಲಸ, ವಿನೋದ ಎರಡೂ ಕಾದಿರುವುದನ್ನು ಇಬ್ಬರೂ ಮರೆತಿದ್ದಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ತೆಂಗಿನ ಸೀಮೆ. ಇವು ಸೇರಿದ ತುಮಕೂರು ಜಿಲ್ಲೆಗೆ ‘ಕಲ್ಪತರು ನಾಡು’ ಎಂಬ ಹೆಸರೇ ಬಂದಿದೆ. ಬಲಿತ ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ತೆಗೆಯುವ ಉಂಡೆ ಕೊಬ್ಬರಿಗೆ ತಿಪಟೂರು ಹೆಸರಾಗಿದೆ. ಇಷ್ಟಿದ್ದರೂ ಇಲ್ಲಿಯ ಮನೆಗಳಲ್ಲಿ ತೆಂಗಿನ ಮಾತು ಬಂದರೆ ಅದು ಹೆಚ್ಚಾಗಿ ಧಾರಣೆಯ ಮಾತು. ಧಾರಣೆ ಮುಖ್ಯವಲ್ಲವೆಂದು ನಾನು ಹೇಳಲಾರೆ. ಎಷ್ಟೋ ಮನೆಗಳಲ್ಲಿ ಅದರಿಂದಲೇ ಒಲೆ ಉರಿಯುತ್ತದೆ, ಮಕ್ಕಳ ಓದು ನಡೆಯುತ್ತದೆ. ಆದರೆ ಮರದ ಬೆಲೆಯೊಂದನ್ನೇ ಬಲ್ಲವರು ಮರವನ್ನು ಬಲ್ಲೆವೆಂದು ಹೇಳಬಹುದೆ? ಮರದೊಡನೆ ಪರಿಚಯ ಬೆಳೆಯಬೇಕಾದರೆ ಅದರ ಜೊತೆಯಲ್ಲಿ ಬಿಡುವಿನ ಹೊತ್ತನ್ನೂ ಕಳೆಯಬೇಕು.

ಆ ಹೊತ್ತನ್ನು ಕಳೆಯುವ ಬಗೆಯನ್ನು ಋತುಗಳೇ ಹೇಳಿಕೊಡುತ್ತವೆ. ಬೇಸಿಗೆಯಲ್ಲಿ ಉದುರಿದ ಸೋಗೆಯನ್ನು ಹೆಣೆದರೆ ಚಪ್ಪರಕ್ಕೆ ನೆರಳು. ಗರಿಯನ್ನು ಸೀಳಿ ಕಡ್ಡಿ ತೆಗೆದು ಕಟ್ಟಿದರೆ ಪೊರಕೆ. ಹಸಿಗರಿಯನ್ನು ಸುತ್ತಿದರೆ ಪೀಪಿ, ಮಡಿಸಿದರೆ ಗಿರಗಿಟ್ಟಲೆ. ಎಡೆಮಟ್ಟೆಯನ್ನು ಕೆತ್ತಿದರೆ ಚೆಂಡಾಟದ ದಾಂಡು. ಬಲಿಯುವ ಮುನ್ನವೇ ಉದುರಿದ ಎಳೆಯ ಹರಳುಗಳಿಗೆ ಕಡ್ಡಿ ಚುಚ್ಚಿದರೆ ಪುಟ್ಟ ಮಕ್ಕಳಿಗೆ ಬಂಡಿ ಸಿದ್ಧ. ಮುಂಗಾರು ಬಂದಾಗ ಬಿತ್ತನೆಯ ಕಾಯೊಂದನ್ನು ಮರಳಿನಲ್ಲಿ ಹೂತು ಮೊಳಕೆಯ ದಾರಿ ಕಾಯಬಹುದು. ಭಾದ್ರಪದದಲ್ಲಿ ಕೆರೆಯ ಮಣ್ಣಿನಿಂದ ಗಣಪತಿಯನ್ನು ಮಾಡಿ, ಹಿತ್ತಲಿನ ಪತ್ರೆಗಳನ್ನು ಹೆಸರು ಹಿಡಿದು ಗುರುತಿಸಬಹುದು. ಹಬ್ಬ ಕಳೆದ ಮೇಲೆ ಬಳ್ಳಿಯಲ್ಲೇ ಒಣಗಿದ ಸೋರೆಯ ಬುರುಡೆ ಬೀಜ ಕಾಪಾಡುವ ಪಾತ್ರೆಯಾಗುತ್ತದೆ. ಒಣಗಿದ ಹೀರೆಯ ಜಾಳಿಗೆ ಮೈ ಉಜ್ಜಲು ಒದಗುತ್ತದೆ. ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿಯನ್ನು ಸಣ್ಣಗೆ ಹೆಚ್ಚುವುದೂ ಒಂದು ಕೈಚಳಕವೇ. ಮದುವೆಯ ಮನೆಗಳಲ್ಲಿ ಕೊಬ್ಬರಿಯ ಬಟ್ಟಲಿನ ಮೇಲೆ ಹೂಬಳ್ಳಿಗಳನ್ನು ಕೆತ್ತುವ ಕಲೆ ಇದೇ ಕೈಚಳಕದ ಮುಂದುವರಿಕೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 13ನೆಯ ಶತಮಾನದ ಹೊಯ್ಸಳ ದೇವಾಲಯವಿದೆ. ಅದರ ಕಲ್ಲಿನಲ್ಲಿಯೂ ಬಳ್ಳಿ ಹಬ್ಬಿದೆ. ಬಳ್ಳಿ ಹಬ್ಬುವ ರೀತಿಯನ್ನು ಕಣ್ಣಾರೆ ಕಂಡವನಿಗಲ್ಲದೆ ಕಲ್ಲಿನಲ್ಲಿ ಅದನ್ನು ಬಳುಕಿಸುವುದು ಸಾಧ್ಯವೆ?

ಈ ವಿನೋದಗಳಿಗೆಲ್ಲ ಒಂದೇ ಕಟ್ಟಳೆಯುಂಟು: ಮರ ಬಿಟ್ಟುಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳಬೇಕು. ಮಾವು, ಬೇವುಗಳ ಕೊಂಬೆಯನ್ನು ಕಡಿದರೆ ಮತ್ತೊಂದು ಕಡೆ ಚಿಗುರುತ್ತದೆ. ತೆಂಗಿಗಾದರೋ ಬೆಳೆಯುವ ತಾಣ ಒಂದೇ, ಅದು ತುದಿಯ ಸುಳಿ. ಸುಳಿ ಕೆಟ್ಟರೆ ಮರವೇ ಸಾಯುತ್ತದೆ. ಆದುದರಿಂದ ಎಷ್ಟೇ ಅಂದದ ಆಟಿಕೆಯಾಗುವುದಾದರೂ ಸಸಿಯ ಸುಳಿಗೆ ಕೈ ಹಾಕಬಾರದು. ಬಿದ್ದ ಸೋಗೆ, ಕೊಯ್ಲಿನಲ್ಲಿ ಕೆಳಗಿಳಿಸಿದ ಗರಿ, ಒಡೆದ ಚಿಪ್ಪು, ಸುಲಿದ ಸಿಪ್ಪೆ, ಇವೇ ನಮಗೆ ಸಾಕು. ಅಂಗಡಿಯ ಆಟಿಕೆ ಈ ಮಿತಿಯನ್ನು ಕಲಿಸಲಾರದು. ಅದು ಮುರಿದರೆ ಇನ್ನೊಂದನ್ನು ಕೊಳ್ಳುತ್ತೇವೆ. ಮರವನ್ನು ಕೊಂದರೆ ಇನ್ನೊಂದು ಫಲಕ್ಕೆ ಬರಲು ವರ್ಷಗಳೇ ಬೇಕು.

ಹೀಗೆ ದಿನವೂ ಗರಿ, ಕಾಯಿಗಳನ್ನು ಮುಟ್ಟುವ ಮಕ್ಕಳ ಕಣ್ಣು ತಾನಾಗಿಯೇ ಚುರುಕಾಗುತ್ತದೆ. ಒಂದು ಮರವನ್ನು ಆರಿಸಿಕೊಂಡು ಅದರ ವರ್ಷದ ಕಥೆಯನ್ನು ಪುಸ್ತಕದಲ್ಲಿ ಬರೆದಿಡಬಹುದು. ಚೆನ್ನಾಗಿ ಬೆಳೆದ ತೆಂಗು ಹೆಚ್ಚುಕಡಿಮೆ ತಿಂಗಳಿಗೊಂದು ಹೊಸ ಸೋಗೆಯನ್ನು ಬಿಡುತ್ತದೆ. ಹೊಂಬಾಳೆ ಅರಳಿದಂದಿನಿಂದ ಕಾಯಿ ಬಲಿಯಲು ಸುಮಾರು 12 ತಿಂಗಳು ಹಿಡಿಯುತ್ತದೆ. ಅಂದರೆ ಒಂದೇ ಮರದ ತಲೆಯಲ್ಲಿ ಹೂವಿನಿಂದ ಬಲಿತ ಕಾಯಿಯವರೆಗೆ ವರ್ಷದ ಪಂಚಾಂಗವೇ ತೂಗುತ್ತಿರುತ್ತದೆ. ಮಳೆ ಕೈಕೊಟ್ಟ ವರ್ಷ ಹರಳು ಎಷ್ಟು ಉದುರಿತು, ಯಾವ ಗೊನೆ ಬಡವಾಯಿತು ಎಂಬುದನ್ನು ಅಲ್ಲಿ ಓದಬಹುದು. ಗರಿಯ ಕೆಳಮೈಯ ಹಸುರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳುವನ್ನಾಗಲಿ, ಎಳೆಗಾಯಿಯ ತೊಟ್ಟಿನ ಕೆಳಗೆ ಕಂದು ಕಲೆ ಮೂಡಿಸುವ ನುಸಿಯನ್ನಾಗಲಿ ಇಂತಹ ಮಕ್ಕಳು ಮೊದಲೇ ಗುರುತಿಸಿ ಮನೆಯವರಿಗೆ ಹೇಳಬಲ್ಲರು. ಮನೆಯವರು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಕೇಳಬಹುದು. ಆಟದಲ್ಲಿ ಚುರುಕಾದ ಕಣ್ಣು ಹೀಗೆ ತೋಟವನ್ನೂ ಕಾಯುತ್ತದೆ.

ಪರೀಕ್ಷೆಯ ಕಾಲದಲ್ಲಿ ಇದೆಲ್ಲ ಏಕೆ ಎಂದು ಕೇಳುವವರುಂಟು. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ‘ಕಿಂಡರ್‌ಗಾರ್ಟನ್’, ಎಂದರೆ ‘ಮಕ್ಕಳ ತೋಟ’, ಎಂದು ಹೆಸರಿಟ್ಟನು. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸುಬಿನ ಮೂಲಕವೇ ವಿದ್ಯೆ ಸಾಗಬೇಕೆಂಬ ವಿಚಾರವನ್ನು ಮುಂದಿಟ್ಟರು. ಕೈ ದುಡಿದಾಗ ಬುದ್ಧಿಯೂ ಬೆಳೆಯುತ್ತದೆಂಬುದು ಇವರಿಬ್ಬರ ನಂಬಿಕೆ. ದಿನಕ್ಕೆ ಅರ್ಧ ಗಂಟೆ ಹಿತ್ತಲಿನಲ್ಲಿ ಕಳೆದ ಮಾತ್ರಕ್ಕೆ ಓದು ಕೆಡುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ನಾರು ಹೊಸೆದು ಹೊಟ್ಟೆ ಹೊರೆಯುವ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಅವರ ದುಡಿಮೆಯನ್ನು ಉಳ್ಳವರು ವಿನೋದವಾಗಿಸಿಕೊಳ್ಳುವುದು ಸರಿಯೆ? ಈ ಪ್ರಶ್ನೆಯನ್ನು ನಾವು ಮರೆಯಬಾರದು. ಆದರೆ ನೆನೆಸಿ ಬಡಿದ ನಾರಿನಿಂದ ಒಂದು ಮಾರು ಹುರಿಯನ್ನಾದರೂ ಹೊಸೆದು ನೋಡಿದವರ ಅಂಗೈ ಉರಿಯುತ್ತದೆ. ಆ ಉರಿಯನ್ನು ಬಲ್ಲವರು ಸಂತೆಯಲ್ಲಿ ಹಗ್ಗದ ಬೆಲೆಗೆ ಚೌಕಾಸಿ ಮಾಡುವಾಗ ಒಂದು ಕ್ಷಣ ತಡೆಯುತ್ತಾರೆ. ದುಡಿಮೆಯ ಮೇಲಿನ ಗೌರವ ಹುಟ್ಟುವುದು ಅಲ್ಲಿಂದಲೇ.

ತೋಟವಿಲ್ಲದವರು ಚಿಂತಿಸಬೇಕಾಗಿಲ್ಲ. ತಳಕ್ಕೆ ತೂತು ಮಾಡಿದ ಒಂದು ತೆಂಗಿನ ಚಿಪ್ಪಿನಲ್ಲಿ ಹಿಡಿ ಮಣ್ಣು ಹಾಕಿ ಚೆಂಡುಹೂವಿನ ಬೀಜವನ್ನು ಊರಿದರೂ ಸಾಕು. ನೀರೆರೆಯುವುದು, ಕಾಯುವುದು, ಹೂವು ಒಣಗಿದ ಮೇಲೆ ಮುಂದಿನ ವರ್ಷಕ್ಕೆ ಬೀಜ ಎತ್ತಿಡುವುದು ಅಲ್ಲಿಯೂ ಉಂಟು. ಕಲ್ಪತರುವಿನ ನಾಡಿನಲ್ಲಿ ಹುಟ್ಟಿದವರು ಅದರ ಫಲವನ್ನು ಮಾರುವುದರ ಜೊತೆಗೆ ಅದರ ಗರಿಯೊಂದನ್ನು ಹೆಣೆಯುವುದನ್ನೂ ಕಲಿಯಲಿ. ಮುಂದೆ ಈ ಮರಗಳನ್ನು ಉಳಿಸಬೇಕಾದವರು ಅವರೇ ಅಲ್ಲವೆ?