ಗಾಯ ಚಿಕ್ಕದು, ನಿರ್ಧಾರ ದೊಡ್ಡದು

ಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಬದಿಯಲ್ಲಿ ಇಳಿದು, ಮೀನಖಂಡವನ್ನು ದಾಟಿ ಪಾದದವರೆಗೆ ಮಿಂಚಿನಂತೆ ಹರಿಯುವ ನೋವನ್ನು ಆಯುರ್ವೇದ ಗ್ರಂಥಗಳು ಗೃಧ್ರಸಿ ಎಂದು ಕರೆದವು; ಇಂದಿನವರು ಸಯಾಟಿಕಾ ಎನ್ನುತ್ತಾರೆ. ನೋಯುವುದು ಕಾಲಾದರೂ ಕೇಡು ಇರುವುದು ಬಹುಮಟ್ಟಿಗೆ ಬೆನ್ನಿನಲ್ಲಿ.

ಬೆನ್ನೆಲುಬಿನ ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳುಂಟು. ಮೆತ್ತೆಯ ಹೊರಕವಚ ಬಿರಿದಾಗ ಒಳಗಿನ ಮೆದುವಾದ ತಿರುಳು ಹೊರಚಾಚಿ, ಪಕ್ಕದಲ್ಲಿ ಹಾಯ್ದುಹೋಗುವ ನರದ ಬುಡವನ್ನು ಒತ್ತುತ್ತದೆ. ೧೯೩೪ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಮಿಕ್ಸ್‌ಟರ್ ಮತ್ತು ಬಾರ್ ಈ ಸಂಬಂಧವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟ ಮೇಲೆ ಶಸ್ತ್ರಚಿಕಿತ್ಸೆ ರೂಢಿಗೆ ಬಂದಿತು. ಅಂದಿನ ವಿಧಾನ ಬೆಟ್ಟ ಅಗೆದು ಇಲಿ ಹಿಡಿದಂತೆ. ಚಿಕ್ಕದೊಂದು ತುಣುಕಿಗಾಗಿ ಬೆನ್ನನ್ನು ಉದ್ದವಾಗಿ ಕೊಯ್ದು, ಸ್ನಾಯುಗಳನ್ನು ಬಿಡಿಸಿ, ಎಲುಬನ್ನೂ ಕತ್ತರಿಸಬೇಕಾಗಿತ್ತು.

೧೯೭೭ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಎಂಬ ಶಸ್ತ್ರವೈದ್ಯರು ಸೂಕ್ಷ್ಮದರ್ಶಕದ ನೆರವಿನ ಚಿಕಿತ್ಸೆಯನ್ನು ಬೇರೆಬೇರೆಯಾಗಿ ವರದಿಮಾಡಿದರು. ಇದರಲ್ಲಿ ಗಾಯ ಸುಮಾರು ೩ ಸೆಂಟಿಮೀಟರಿನಷ್ಟು. ೧೯೯೭ರಲ್ಲಿ ಫೋಲಿ ಮತ್ತು ಸ್ಮಿತ್ ಕೊಳವೆಯ ವಿಧಾನವನ್ನು ವಿವರಿಸಿದರು. ಇಲ್ಲಿ ಸ್ನಾಯುವನ್ನು ಎಲುಬಿನಿಂದ ಬಿಡಿಸದೆ, ಅದರ ಎಳೆಗಳನ್ನು ಸರಿಸಿ ಕೊಳವೆಯನ್ನು ಇಳಿಸುತ್ತಾರೆ. ಮೂರನೆಯದು ಎಂಡೋಸ್ಕೋಪಿನ ವಿಧಾನ. ಸುಮಾರು ೮ ಮಿಲಿಮೀಟರಿನ ರಂಧ್ರದಿಂದ ಬೆಳಕು, ಕ್ಯಾಮೆರಾಗಳುಳ್ಳ ನಳಿಕೆಯನ್ನು ಇಳಿಸಿ, ಪರದೆಯನ್ನು ನೋಡುತ್ತ ತುಣುಕನ್ನು ತೆಗೆಯುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಂತೆಯೇ ಇದನ್ನು ನಡೆಸುವುದೂ ಉಂಟು.

ಗಾಯ ಕಿರಿದಾದಷ್ಟೂ ಗುಣ ಹಿರಿದೆಂದು ರೋಗಿ ನಂಬುವುದು ಸಹಜ. ಆದರೆ ನೆದರ್ಲೆಂಡ್ಸ್‌ನಲ್ಲಿ ೩೨೮ ರೋಗಿಗಳ ಮೇಲೆ ನಡೆದು ೨೦೦೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೊಳವೆಯ ವಿಧಾನವು ಸೂಕ್ಷ್ಮದರ್ಶಕದ ವಿಧಾನವನ್ನು ಮೀರಿಸಲಿಲ್ಲ. ೨೦೨೨ರ ಅಲ್ಲಿನದೇ ಇನ್ನೊಂದು ಪರೀಕ್ಷೆಯಲ್ಲಿ ಎಂಡೋಸ್ಕೋಪಿನ ಫಲ ಕಡಮೆಯಾಗಲಿಲ್ಲ. ಆದುದರಿಂದ ಗಾಯದ ಅಳತೆಗಿಂತ ಶಸ್ತ್ರವೈದ್ಯನ ಅನುಭವವನ್ನು ವಿಚಾರಿಸುವುದು ಲೇಸು.

ಅದಕ್ಕಿಂತ ಮೊದಲಿನ ಪ್ರಶ್ನೆ, ಶಸ್ತ್ರಚಿಕಿತ್ಸೆ ಬೇಕೇ ಎಂಬುದು. ಅದೇ ದೇಶದಲ್ಲಿ ೬ರಿಂದ ೧೨ ವಾರ ತೀವ್ರವಾಗಿ ನರಳಿದ್ದ ೨೮೩ ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಔಷಧ, ವ್ಯಾಯಾಮಗಳೊಡನೆ ಕಾಯುವ ಕ್ರಮ ಎಂದು ನಿಶ್ಚಯಿಸಲಾಯಿತು. ೨೦೦೭ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಮೊದಲ ಗುಂಪಿಗೆ ಉಪಶಮನ ಬೇಗ ದೊರಕಿತು, ವರ್ಷ ಕಳೆಯುವಷ್ಟರಲ್ಲಿ ಎರಡರಲ್ಲಿಯೂ ೧೦೦ಕ್ಕೆ ೯೫ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ೧೦೦ಕ್ಕೆ ೩೯ ಮಂದಿಗೆ ಕೊನೆಗೆ ಶಸ್ತ್ರಚಿಕಿತ್ಸೆ ನಡೆಯಿತೆಂಬುದನ್ನೂ ಮರೆಯಲಾಗದು.

ಎಂ.ಆರ್.ಐ. ಚಿತ್ರವೊಂದನ್ನೇ ನಂಬಿ ಹೆದರುವುದೂ ಸಲ್ಲದು. ನೋವೇ ಇಲ್ಲದ ಎಷ್ಟೋ ಜನರ ಡಿಸ್ಕ್‌ಗಳೂ ಚಿತ್ರದಲ್ಲಿ ಉಬ್ಬಿರುವಂತೆ ಕಾಣುತ್ತವೆ. ಚಿತ್ರದಲ್ಲಿ ಒತ್ತಿದ ನರವೂ ನೋಯುವ ಕಾಲೂ ಒಂದಕ್ಕೊಂದು ಹೊಂದಬೇಕು.

ಕಾಯಲೇಬಾರದ ಸಂದರ್ಭಗಳೂ ಉಂಟು. ಮೂತ್ರ ಕಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಕುಳಿತಾಗ ನೆಲಕ್ಕೆ ತಾಗುವ ಭಾಗ ಅಥವಾ ಜನನಾಂಗದ ಸುತ್ತ ಜೋಮು ಹಿಡಿದರೆ, ಎರಡೂ ಕಾಲುಗಳ ಬಲ ಕುಂದಿದರೆ, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಪಾದವನ್ನು ಮೇಲೆತ್ತಲಾಗದೆ ಚಪ್ಪಲಿ ಜಾರತೊಡಗಿದರೂ ತಡಮಾಡಬಾರದು. ನೋವನ್ನು ಸಹಿಸಿಕೊಂಡು ಕೆಲವು ವಾರ ಕಾಯಬಹುದು. ಬಲಗುಂದುತ್ತಿರುವ ನರ ಹಾಗೆ ಕಾಯದು.